ಬೈ ಟು ಕಾಫಿ, ಫ್ಯಾಮಿಲಿ ರೂಮು ಮತ್ತು ನನ್ನ ಕೆಲಸ

ಹೋದ ವಾರ ಬೆಂಗಳೂರಿನ ಏರ್‌ಲೈನ್ಸ್ ಹೋಟೆಲ್ ಮರದ ಕೆಳಗೆ ಕೂತಿದ್ದೆ, ಊರಿಂದ ಅಪ್ಪನ ಫೋನು. "ಎಲ್ಲಿದೀಯ ಪುಟ್ಟಿ" ಅಂದ್ರು, "ಕೆಲಸದ ಮೇಲಿದೀನಪ್ಪ" ಅಂದೆ, ಅಷ್ಟರಲ್ಲಿ ನಮ್ಮ ಟೇಬಲ್ಲಿನೋನೇ ಒಬ್ಬ "ಎರಡು ಬೈ ಟು ಕಾಫಿ, ಒಂದು ಪ್ಲೇಟ್ ವಡೆ" ಅಂತ ಕೂಗಿದ್ದು ಅವರಿಗೂ ಕೇಳಿಸ್ತು. ಅಪ್ಪ ಏನೂ ಮಾತಾಡ್ಲಿಲ್ಲ, ಆದ್ರೆ ಆ ಮೌನ ಇದೆಯಲ್ಲ, ಹಾಸನದಿಂದ ಬೆಂಗಳೂರಿಗೆ ಬಂದ ಎಲ್ಲರಿಗೂ ಗೊತ್ತಿರೋ ಮೌನ.

ಸುಳ್ಳು ಹೇಳಿರ್ಲಿಲ್ಲ ನಾನು. ಸಿನಿಮಾ ನಾಟಕದ ಪೋಸ್ಟರ್‌ಗೆ ಕನ್ನಡ ಅಕ್ಷರ ಬರೆಯೋಳು ನಾನು, ಟೈಟಲ್ ಡಿಸೈನ್ ಅಂತಾರೆ. ಇಷ್ಟು ವರ್ಷದಲ್ಲಿ ಇಮೇಲ್ ಕಳಿಸಿ ಪೋರ್ಟ್‌ಫೋಲಿಯೋ ಲಿಂಕ್ ಹಾಕಿ ಸಿಕ್ಕ ಕೆಲಸ ಎರಡೋ ಮೂರೋ ಅಷ್ಟೇ, ಉಳಿದಿದ್ದೆಲ್ಲ ಯಾವುದೋ ಟೇಬಲ್ಲಲ್ಲಿ ಕಾಫಿ ಆರಿಸ್ಕೊಂಡು ಕೂತಿದ್ದಾಗ ಬಂದಿದ್ದು.

ಮೊದಲನೇದಂತೂ ಲೇಟಾಗಿ ಹೋಗಿದ್ದಕ್ಕೆ ಸಿಕ್ಕಿದ್ದು. ಜೆಪಿ ನಗರದ ರಂಗಶಂಕರ ಗೊತ್ತಲ್ವಾ, ನಾಟಕದ ಥಿಯೇಟರು, 2004ರಲ್ಲಿ ಶುರುವಾಗಿದ್ದು, ಅಲ್ಲಿ 7.30 ಅಂದ್ರೆ 7.30, ಬೆಲ್ ಹೊಡೆದು ಬಾಗಿಲು ಹಾಕಿದ್ಮೇಲೆ ಯಾರ ಮಗ ಬಂದ್ರೂ ಒಳಗೆ ಬಿಡಲ್ಲ. ಸಿಲ್ಕ್ ಬೋರ್ಡ್ ಜಾಮಲ್ಲಿ ಸಿಕ್ಕಾಕ್ಕೊಂಡು ನಾನು ಏಳು ಮುವ್ವತ್ನಾಲ್ಕಕ್ಕೆ ಓಡ್ಕೊಂಡ್ ಹೋದೆ, ಬಾಗಿಲು ಬಂದ್. ಕೆಳಗೆ ಕೆಫೆಲಿ ಸಬ್ಬಕ್ಕಿ ವಡೆ ತಗೊಂಡು ಸಿಟ್ಟಲ್ಲಿ ಟಿಕೆಟ್ ಹಿಂದುಗಡೆ ನಾಟಕದ ಹೆಸರನ್ನೇ ಬರೀತಾ ಕೂತಿದ್ದೆ, ನನ್ನ ಹಾಗೇ ಲೇಟಾಗಿ ಬಂದಿದ್ದ ಇನ್ನೊಬ್ರು ಎದುರಿಗೆ ಬಂದು ಕೂತ್ರು, ನಾಟಕಗಳಿಗೆ ಲೈಟಿಂಗ್ ಮಾಡೋರಂತೆ, "ಆ ಒತ್ತಕ್ಷರ ಯಾಕ್ರೀ ಅಷ್ಟು ದೂರ ಎಳೆದಿದೀರ" ಅಂದ್ರು. ಅಲ್ಲಿಂದ ಶುರು. ಒಂದೂವರೆ ಗಂಟೆ ಬರೀ ಒತ್ತಿನ ಮಾತು. ಮುಂದಿನ ತಿಂಗಳು ಅವರ ತಂಡದ ಪೋಸ್ಟರ್ ನಾನೇ ಬರೆದೆ.

ಆಮೇಲೆ ಅರ್ಥ ಆಗಿದ್ದು, ಆ ರೂಲ್ಸು ಇರೋದ್ರಿಂದಲೇ ಆ ಕೆಫೆ ಹಾಗಿದೆ ಅಂತ. ಟ್ರಾಫಿಕ್ ನಂಬಕ್ಕಾಗಲ್ಲ ಅಂತ ಭಯ ಇರೋರು ಆರೂವರೆಗೇ ಬಂದು ಕೂತಿರ್ತಾರೆ, ಲೇಟಾದೋರು ನಾಟಕ ಮುಗಿಯೋವರೆಗೂ ಕೂತಿರ್ತಾರೆ, ಎರಡೂ ಕಡೆಯೋರಿಗೆ ಮಾಡಕ್ಕೆ ಬೇರೆ ಕೆಲಸ ಇರಲ್ಲ. ದರ್ಶಿನಿಲಿ ಇದು ಸಾಧ್ಯನೇ ಇಲ್ಲ, ನಿಂತ್ಕೊಂಡು ತಿನ್ನೋ ಜಾಗ, ಕೊನೇ ತುತ್ತು ಬಾಯಿಗೆ ಹೋಗೋದ್ರೊಳಗೆ ಟೇಬಲ್ ಒರೆಸೋ ಬಟ್ಟೆ ಬಂದಿರುತ್ತೆ. ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್, 1940ರಲ್ಲಿ ಬೇಕರಿಯಾಗಿ ಶುರುವಾಗಿದ್ದಂತೆ, ಅಲ್ಲಿ ಒಂದು ಕಾಫಿ ಇಟ್ಕೊಂಡು ಎರಡು ಗಂಟೆ ಕೂತ್ರೂ ಯಾರೂ ಎಬ್ಬಿಸಲ್ಲ. ಎಂ.ಜಿ. ರೋಡಿನ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಹೋಯ್ತು, ಹಳೆ ಜಾಗದ ಬಗ್ಗೆ ಸೀನಿಯರ್‌ಗಳು ಹೇಳೋದನ್ನ ಕೇಳಿ ಹೊಟ್ಟೆ ಉರ್ಕೊಳ್ಳೋದಷ್ಟೇ ನನ್ನ ಪಾಲಿಗೆ. ಈಗಿನ ಮುನ್ನೂರು ರೂಪಾಯಿ ಕಾಫಿ ಕೆಫೆಗಳಲ್ಲಿ ಎಲ್ರೂ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪ್ ಒಳಗೆ ಇಳಿದಿರ್ತಾರೆ, ಯಾರನ್ನ ಮಾತಾಡ್ಸೋದು.

ಇನ್ನು ಬಾರು. ಸಿನಿಮಾದೋರ ನಿಜವಾದ ಆಫೀಸು ಅದೇ, ಬೋರ್ಡ್ ಬೇರೆ ಇರುತ್ತೆ ಅಷ್ಟೇ. ಒಂದ್ಸಲ ನಾಗರಭಾವಿ ಕಡೆ ಡಬ್ಬಿಂಗ್ ಮುಗಿಸ್ಕೊಂಡು ಟೀಮ್ ಎಲ್ಲ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ಗೆ ಹೋದ್ವಿ, ಆರು ಜನ ಗಂಡಸರು, ನಾನೊಬ್ಳು. ಸಪ್ಲೈಯರ್ ನನ್ನ ಮುಖ ನೋಡಿದ್ದೇ "ಮೇಡಂ, ಫ್ಯಾಮಿಲಿ ಮೇಲೆ" ಅಂದ. ಸರಿ, ಏಳೂ ಜನ ಫ್ಯಾಮಿಲಿ ಆಗಿ ಮೇಲೆ ಹತ್ತಿದ್ವಿ. ಪಕ್ಕದ ಟೇಬಲ್ಲಲ್ಲಿ ಯಾರದೋ ಮಗುವಿನ ಬರ್ತ್‌ಡೇ, ಕೇಕ್ ಕಟಿಂಗ್, ನಮ್ಮ ಡೈರೆಕ್ಟ್ರು ನೈಂಟಿ ಗ್ಲಾಸ್ ಟೇಬಲ್ ಕೆಳಗೆ ಇಟ್ಕೊಂಡು ಚಪ್ಪಾಳೆ ತಟ್ತಿದ್ರು. ಕಾಂಗ್ರೆಸ್ ಕಡ್ಲೆ ಬೀಜದ ಎಣ್ಣೆ ಅಂಟಿದ್ದ ಟಿಶ್ಯೂ ಮೇಲೇ ಟೈಟಲ್ ಬರೆದು ತೋರಿಸ್ದೆ. ಅದರಲ್ಲಿ ಒಂದು 'ಷ್ಟ್ರ' ಇತ್ತು, ಷಕ್ಕೆ ಟ ಒತ್ತು, ಅದರ ಕೆಳಗೆ ರ ಒತ್ತು, ಮಾಮೂಲಿ ಫಾಂಟಲ್ಲಿ ಹಾಕಿದ್ರೆ ಅದು ನೇತಾಡ್ಕೊಂಡು ಹೋಗಿ ಕೆಳಗಿರೋ ಹೀರೋ ಹೆಸರಿಗೆ ಗುದ್ದುತ್ತೆ. ರ ಒತ್ತಿನ ಬಾಲನ ಎಡಕ್ಕೆ ಎಳೆದು ಇಡೀ ಪದದ ಕೆಳಗೆ ಗೆರೆ ಥರ ಓಡಿಸ್ದೆ. ಡೈರೆಕ್ಟ್ರು ಟಿಶ್ಯೂನ ಜೇಬಿಗೆ ಹಾಕ್ಕೊಂಡು "ಫಿಕ್ಸ್ ಮೇಡಂ" ಅಂದ್ರು.

ರೇಟು ಇಪ್ಪತ್ತು ಸಾವಿರ ಅಂತ ಆ ಟೇಬಲ್ಲಲ್ಲೇ ಮಾತಾಯ್ತು. ಬಂದಿದ್ದು ಐದು. ಉಳಿದಿದ್ದು ಕೇಳಿದ್ರೆ ಪ್ರೊಡ್ಯೂಸರ್ ಕಡೆಯೋರು "ಆವತ್ತು ಏನ್ ಮಾತಾಯ್ತೋ ಯಾರಿಗ್ ನೆನಪಿದೆ" ಅಂದ್ರು. ಅಕ್ಷರ ಮಾತ್ರ ಎಲ್ಲ ಗೋಡೆ ಮೇಲೂ ಇತ್ತು.

ದುಡ್ಡಿಗಿಂತ ಜಾಸ್ತಿ ಉರಿಯೋದು ಇನ್ನೊಂದು. ಯಾರನ್ನ ತಗೋಬೇಕು ಅನ್ನೋ ಮಾತು ಬರೋದೇ ಮೂರನೇ ರೌಂಡ್ ಆದ್ಮೇಲೆ. ಅಷ್ಟೊತ್ತಿಗೆ ನಾನು ಫ್ರೆಶ್ ಲೈಮ್ ಸೋಡ ಮುಗಿಸಿ ಕೊನೇ ಮೆಟ್ರೋ ಹಿಡಿಯಕ್ಕೆ ಓಡ್ತಿರ್ತೀನಿ, ಪಿಜಿ ಗೇಟ್ ಹಾಕ್ತಾರೆ ಅಂತ ಇನ್ನೂ ಬೇಗ ಏಳೋ ಹುಡುಗೀರಿದಾರೆ. ಕುಡಿಯದೇ ಇರೋ ಹುಡುಗರ ಕಥೆನೂ ಅಷ್ಟೇ ಅನ್ನಿ, ಆದ್ರೆ ಅವರನ್ನ ಯಾರೂ ಮೇಲೆ ಕಳಿಸಲ್ಲ. ಈಗ ನಾನು ಒಂದು ಅಭ್ಯಾಸ ಇಟ್ಕೊಂಡಿದೀನಿ, ಏಳೋಕೆ ಮುಂಚೆ ಟಿಶ್ಯೂ ಮೇಲೆ ರೇಟು, ಡೇಟು ಬರೆದು ಫೋಟೋ ತೆಗೆದು ಅಲ್ಲೇ ವಾಟ್ಸಾಪ್ ಗ್ರೂಪ್‌ಗೆ ಹಾಕ್ತೀನಿ. ಒಬ್ರು "ಏನ್ ಮೇಡಂ, ನಂಬಿಕೆ ಇಲ್ವಾ" ಅಂದ್ರು. ಇಲ್ಲ ಸರ್ ಅಂದೆ.

ನಮ್ಮೂರಿನ ಒಂದು ಹುಡುಗಿ, ಚೆನ್ನಾಗಿ ಬರೀತಾಳೆ, ಮೊನ್ನೆ ಮೆಸೇಜ್ ಮಾಡಿದ್ಲು, "ಅಕ್ಕ, ಯಾರಿಗೆ ಮೇಲ್ ಹಾಕ್ಲಿ" ಅಂತ. ಮೇಲ್ ಬೇಡ, ಶನಿವಾರ ಆರೂವರೆಗೆ ರಂಗಶಂಕರಕ್ಕೆ ಬಾ ಅಂದೆ. "ಲೇಟಾದ್ರೆ ಏನ್ ಮಾಡ್ಲಿ ಅಕ್ಕ, ಒಳಗೆ ಬಿಡಲ್ವಂತಲ್ಲ."

ಕೆಫೆಲೇ ಕೂತಿರು, ಪೆನ್ನು ತಗೊಂಡ್ ಬಾ ಅಂದೆ.