ಇಂದೋರಿನ ಅರಣ್ಯದಲ್ಲಿ ಒಂದು ಭಾನುವಾರ

'ಅರಣ್ಯಕ್ಕೆ ಹೋಗಬೇಕಿತ್ತು' ಅಂದೆ. ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ನನ್ನ ಹಿಂದಿ ಕೇಳಿ ಸ್ವಲ್ಪ ಯೋಚಿಸಿದ. 'ಹಾಗಾದರೆ ರಾಲಾಮಂಡಲಕ್ಕೆ ಹೋಗಿ ಭಿಯಾ, ಅಲ್ಲಿ ಜಿಂಕೆ ಇವೆ.' ಇಂದೋರಿನವರ ಬಾಯಲ್ಲಿ ಭೈಯಾ ಬರುವುದಿಲ್ಲ, ಎಲ್ಲರೂ ಭಿಯಾಗಳೇ. ನನಗೆ ಬೇಕಿದ್ದ ಅರಣ್ಯದಲ್ಲಿ ಜಿಂಕೆ ಇಲ್ಲ, ಮರವೂ ಅಷ್ಟಕ್ಕಷ್ಟೆ. ಅದೊಂದು ಬಡಾವಣೆ. ವಿಜಯನಗರದ ಹತ್ತಿರ, ಸ್ಕೀಮ್ ನಂಬರ್ 78 ಅಂದ ಮೇಲೆ ಆಟೋದವನು ತಲೆಯಾಡಿಸಿದ.

ನಾನು ಬ್ಯಾಂಕಿನಲ್ಲಿ ಗೃಹಸಾಲದ ಫೈಲು ನೋಡುವವನು. ಇಂದೋರಿಗೆ ಬಂದದ್ದು ಮೂರು ದಿನದ ಟ್ರೈನಿಂಗಿಗೆ. ಭಾನುವಾರ ಬಿಡುವಿತ್ತು. ಜೊತೆಗೆ ಬಂದವರೆಲ್ಲ ಉಜ್ಜಯಿನಿಗೆ ಹೊರಟರು. ನಾನು ಬರಲ್ಲ, ಒಂದು ಲೇಔಟ್ ನೋಡಬೇಕು ಅಂದಾಗ ನಕ್ಕರು. ನಗಲಿ ಬಿಡಿ.

ಇದಕ್ಕೊಂದು ಹಿನ್ನೆಲೆ ಇದೆ. ಹಾಸನದ ನಮ್ಮ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಅಪ್ಪ ಮೊದಲು ಸೈಟಿನ ಹಿಂಭಾಗದಲ್ಲಿ ಎರಡು ಕೋಣೆಗೆ ಶೀಟ್ ಹೊದಿಸಿ ಒಕ್ಕಲು ಬಂದರು. ಅಕ್ಕನ ಮದುವೆ ಗೊತ್ತಾದಾಗ ಮುಂದಕ್ಕೆ ಹಾಲ್ ಬಂತು, ಮೋಲ್ಡ್ ಹಾಕಿದರು. ನನಗೆ ಕೆಲಸ ಸಿಕ್ಕ ಮೇಲೆ ಮಹಡಿಯಲ್ಲೊಂದು ಕೋಣೆ ಎದ್ದಿತು. ತಾರಸಿ ಮೇಲೆ ಈಗಲೂ ಕಂಬಿಗಳು ನಿಂತಿವೆ. ಅಮ್ಮ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ. ಇಂಥ ಮನೆಯಲ್ಲಿ ಬೆಳೆದ ನಾನೇ ದಿನಾ ಟೇಬಲ್ಲಿನ ಈಚೆ ಕೂತು 'ಪೂರ್ತಿ ಪ್ಲಾನ್ ಕೊಡಿ, ಪೂರ್ತಿ ಎಸ್ಟಿಮೇಟ್ ಕೊಡಿ' ಅಂತ ಜನರನ್ನು ವಾಪಸ್ ಕಳಿಸುತ್ತೇನೆ. ಹಾಗಾಗಿ, ಅರ್ಧ ಮನೆಯನ್ನೇ ಅರ್ಧ ಅಂತ ಒಪ್ಪಿಕೊಂಡು ಒಂದು ಸರ್ಕಾರಿ ಬಡಾವಣೆ ಮಾಡಿದ್ದಾರೆ ಅಂತ ಓದಿದಾಗಿನಿಂದ ಅದನ್ನು ನೋಡುವ ಆಸೆ ಇತ್ತು.

1980ರ ದಶಕದ ಮಾತು. ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಕೈಲಿ ಸುಮಾರು 85 ಹೆಕ್ಟೇರ್ ಜಾಗವಿತ್ತು. ನಮ್ಮ ಲೆಕ್ಕದಲ್ಲಿ 210 ಎಕರೆ. ಅಲ್ಲಿ ಸುಮಾರು 6,500 ಸೈಟು ಮಾಡಿ ಹೆಚ್ಚಿನವನ್ನು ಬಡವರಿಗೆ ಕೊಡಬೇಕು ಅನ್ನುವುದು ಯೋಜನೆ. ನಕ್ಷೆ ಮಾಡಿದವರು ಅಹಮದಾಬಾದಿನ ವಾಸ್ತುಶಿಲ್ಪಿ ಬಿ.ವಿ. ದೋಶಿ. ಬೆಂಗಳೂರಿನವರು ಅವರ ಕೈಕೆಲಸ ನೋಡಿರುತ್ತಾರೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಕಲ್ಲಿನ ಗೋಡೆ, ಉದ್ದುದ್ದ ಮೊಗಸಾಲೆ, ಮೇಲಿಂದ ಇಳಿಬಿದ್ದ ಬಳ್ಳಿ ಇದೆಯಲ್ಲ, ಅದು ಅವರದೇ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್ಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಅರಣ್ಯಕ್ಕೆ 1995ರಲ್ಲೇ ಆಗಾ ಖಾನ್ ಪ್ರಶಸ್ತಿ ಬಂದಿತ್ತು.

ದೋಶಿಯವರ ತಂಡ ಮೊದಲು ಇಂದೋರಿನ ಕೊಳೆಗೇರಿಗಳಲ್ಲಿ ಓಡಾಡಿ ಜನ ಹೇಗೆ ಬದುಕುತ್ತಾರೆ ಅಂತ ನೋಡಿತು. ಎಲ್ಲಿ ಪಾತ್ರೆ ಬೆಳಗುತ್ತಾರೆ, ಅಂಗಡಿ ಎಲ್ಲಿಡುತ್ತಾರೆ, ಯಾವ ಮರದಡಿ ಮಾತಿಗೆ ಕೂರುತ್ತಾರೆ, ಇಂಥವೆಲ್ಲ. ಆಮೇಲೆ ಅವರು ಬಡವರಿಗೆ ಕೊಟ್ಟದ್ದು ಸುಮಾರು 35 ಚದರ ಮೀಟರಿನ ಸೈಟು. ನಮ್ಮ 20-30 ಸೈಟಿಗಿಂತಲೂ ಬಹಳ ಚಿಕ್ಕದು. ಅದರ ಮೇಲೆ ಒಂದು ಪಾಯ, ಒಂದು ನಲ್ಲಿ, ಒಂದು ಪಾಯಿಖಾನೆ. ಕೆಲವರಿಗೆ ಜೊತೆಗೊಂದು ಕೋಣೆ. ಮಿಕ್ಕಿದ್ದು ಅವರವರ ಕೈಲಾದಾಗ, ಅವರವರ ದುಡ್ಡಿನಲ್ಲಿ. ಮನೆ ಹೇಗೆಲ್ಲ ಬೆಳೆಯಬಹುದು ಅಂತ ತೋರಿಸುವುದಕ್ಕೆ ದೋಶಿ 80 ಮಾದರಿ ಮನೆಗಳನ್ನು ಕಟ್ಟಿಸಿದರು. ಖರ್ಚಿಗೂ ಒಂದು ದಾರಿ ಹುಡುಕಿದ್ದರು. ಹೆದ್ದಾರಿ ಕಡೆ, ಅಂಚಿನಲ್ಲಿ ದೊಡ್ಡ ಸೈಟುಗಳು. ಅವು ಉಳ್ಳವರಿಗೆ. ಆ ಮಾರಾಟದ ಲಾಭದಲ್ಲಿ ಒಳಗಿನ ಸಣ್ಣ ಸೈಟುಗಳ ಬೆಲೆ ಇಳಿಸಿದರು.

ಇದಿಷ್ಟು ಓದಿಕೊಂಡು ಹೋದವನಿಗೆ ಮೊದಲ ಅರ್ಧ ಗಂಟೆ ಬರೀ ನಿರಾಸೆ. ಫೋಟೋದಲ್ಲಿ ನೋಡಿದ್ದ ಮಾದರಿ ಮನೆಗಳು ಎಲ್ಲೂ ಸಿಗಲಿಲ್ಲ. ಹೊರಮೆಟ್ಟಿಲು, ಪುಟ್ಟ ಬಾಲ್ಕನಿ, ಬಣ್ಣ ಬಣ್ಣದ ಗೋಡೆ ಅಂತ ಹುಡುಕಿದರೆ ಕಂಡದ್ದು ಗ್ರಾನೈಟ್ ಹಚ್ಚಿದ ನಾಲ್ಕಂತಸ್ತು, ಸ್ಟೀಲ್ ಗೇಟು, ರಸ್ತೆ ತುಂಬ ಕಾರು. ಯಾವ ಊರಿನ ಯಾವ ಲೇಔಟೂ ಆಗಬಹುದಿತ್ತು. ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಮೂಲೆಯ ಗಾಡಿಯಲ್ಲಿ ಪೋಹಾ ತಿಂದೆ. ಹಬೆಯಲ್ಲಿ ಮೆತ್ತಗಾದ ಅವಲಕ್ಕಿ, ಮೇಲೆ ಸೇವು, ಜೀರಾವನ್ ಪುಡಿ, ಪಕ್ಕದಲ್ಲಿ ಬಿಸಿ ಜಿಲೇಬಿ. ಅವಲಕ್ಕಿ ಜೊತೆ ಜಿಲೇಬಿ ಏನು ಕರ್ಮವೋ ಅಂದುಕೊಂಡೇ ಎರಡನೇ ಪ್ಲೇಟ್ ಹೇಳಿದೆ.

ಗಾಡಿಯವನು ಬೆರಳು ತೋರಿಸಿದ ಓಣಿಗೆ ಹೊಕ್ಕ ಮೇಲೆ ಕಣ್ಣು ಹೊಂದಿಕೊಂಡಿತು. ಓಣಿ ಕಿರಿದು, ಎರಡು ಬೈಕು ಎದುರುಬದುರಾದರೆ ಒಬ್ಬರು ಕಾಲೂರಬೇಕು. ಮನೆಗಳೆಲ್ಲ ಬೇರೆ ಬೇರೆ, ಆದರೂ ಬಾಗಿಲ ಮುಂದೆ ಎಲ್ಲರಿಗೂ ಏನೋ ಒಂದು ಇತ್ತು. ಒಬ್ಬರಿಗೆ ಜಗಲಿ, ಒಬ್ಬರಿಗೆ ಮೆಟ್ಟಿಲು, ಇನ್ನೊಬ್ಬರಿಗೆ ತುಳಸಿ ಕುಂಡ. ಮನೆಗೂ ರಸ್ತೆಗೂ ನಡುವೆ ಸುಮಾರು ಅರ್ಧ ಮೀಟರ್ ಜಾಗವನ್ನು ನಕ್ಷೆಯಲ್ಲೇ ಇದಕ್ಕಾಗಿ ಬಿಟ್ಟಿದ್ದರಂತೆ. ನಮ್ಮಲ್ಲಾದರೆ ಇದಕ್ಕೆ ಒತ್ತುವರಿ ಅಂತ ನೋಟಿಸ್ ಬರುತ್ತಿತ್ತು. ಜನ ಹೇಗೂ ಮುಂದಕ್ಕೆ ಚಾಚುತ್ತಾರೆ, ಚಾಚುವಷ್ಟು ಜಾಗ ಮೊದಲೇ ಇರಲಿ ಅಂತ ಕಾಗದದ ಮೇಲೆ ಗೆರೆ ಎಳೆದವರಿಗೆ ಮನಸ್ಸಿನಲ್ಲೇ ಕೈಮುಗಿದೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಗೊಂದು ಹಗ್ಗ ಕಟ್ಟುವುದಕ್ಕೂ ಅಸೋಸಿಯೇಶನ್ ಒಪ್ಪಿಗೆ ಬೇಕು.

ಒಂದು ಮನೆಯ ಮೆಟ್ಟಿಲು ನೋಡುತ್ತಾ ನಿಂತುಬಿಟ್ಟೆ. ಕೆಳಗಿನ ಹತ್ತು ಮೆಟ್ಟಿಲು ಇಟ್ಟಿಗೆಯವು, ಅಂಚು ಸವೆದು ಗುಂಡಗಾಗಿವೆ. ಮೊದಲ ಮಹಡಿಯಿಂದ ಮೇಲೆ ಕಾಂಕ್ರೀಟು. ಎರಡನೆಯದರಿಂದ ಮೇಲೆ ಕಬ್ಬಿಣದ ಏಣಿ, ಹಸಿರು ಪೇಂಟ್. ದುಡ್ಡು ಯಾವಾಗ ಬಂತು, ಎಷ್ಟು ಬಂತು ಅಂತ ಪಾಸ್‌ಬುಕ್ ಓದಿದ ಹಾಗೆ ಓದಬಹುದಿತ್ತು.

ಕೆಳಗೆ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಗಸು 'ಯಾರು ಬೇಕು?' ಅಂದರು. ಸುಮಾರು ಅರವತ್ತು ವಯಸ್ಸು. ಬೆಂಗಳೂರಿನಿಂದ ಬಂದೆ, ಮನೆ ಕಟ್ಟಿರುವ ರೀತಿ ನೋಡುತ್ತಿದ್ದೆ ಅಂದೆ. 'ಓ, ಕಾಲೇಜಿನ ಮಕ್ಕಳು ಬರ್ತಾರೆ, ಅಳತೆ ತಗೋತಾರೆ. ನೀವು ಮಗುವಲ್ಲವಲ್ಲ' ಅಂತ ನಕ್ಕು ಮಿಷನ್ ನಿಲ್ಲಿಸಿದರು. ಬಂದಾಗ ಏನಿತ್ತು ಅಂತ ಕೇಳಿದೆ. ಮೊಣಕಾಲೆತ್ತರದ ಪಾಯ, ಹಿಂದೆ ಲ್ಯಾಟ್ರಿನ್, ನಲ್ಲಿ. ಮೊದಲ ಮಳೆಗಾಲ ಪೂರ್ತಿ ತಾಡಪಾಲಿನ ಕೆಳಗೇ ಕಳೆದರಂತೆ. ಅವರ ಯಜಮಾನರು ಗಾರೆ ಕೆಲಸದವರು. ಬೇರೆಯವರ ಮನೆಯಲ್ಲಿ ಉಳಿದ ಇಟ್ಟಿಗೆ ತಂದು ತಂದು ಗೋಡೆ ಎಬ್ಬಿಸಿದರು. 'ಮೂರು ಮಕ್ಕಳು, ಮೂರು ಮಹಡಿ' ಅಂದರು.

ಒಂದು ವಿಷಯ ಕೇಳಬೇಕಿತ್ತು, ಹೇಗೆ ಕೇಳುವುದು ಅಂತ ತಿಳಿಯಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ, 'ಆ ಹಳೇ ಲ್ಯಾಟ್ರಿನ್ ಇನ್ನೂ ಇದೆಯಾ ಅಮ್ಮ?'

ಅವರಿಗೆ ನಗು ತಡೆಯಲಾಗಲಿಲ್ಲ. ಸೊಸೆಯನ್ನು ಕರೆದು, ನೋಡು, ಇಷ್ಟು ದೂರದಿಂದ ನಮ್ಮ ಪಾಯಿಖಾನೆ ನೋಡೋಕೆ ಬಂದಿದ್ದಾರೆ ಅಂದರು. ಆದರೂ ತೋರಿಸಿದರು. ನೀಲಿ ಟೈಲ್ಸ್ ಬಂದಿದೆ, ಬಾಗಿಲು ಪ್ಲಾಸ್ಟಿಕ್ಕಿನದು. ಜಾಗ ಮಾತ್ರ ಅದೇ. ಮೇಲಿನ ಎರಡೂ ಮಹಡಿಯ ಬಚ್ಚಲು ಅದರ ನೆತ್ತಿಯ ಮೇಲೇ ಕೂತಿವೆ, ಪೈಪು ನೇರ ಕೆಳಗಿಳಿಯುತ್ತದೆ. ಸುತ್ತ ಗೋಡೆ, ಕಿಟಕಿ, ಅಡುಗೆಮನೆ ಎಲ್ಲ ಜಾಗ ಬದಲಿಸಿವೆ. ಅಂದು ಯಾರೋ ಗುರುತು ಮಾಡಿದ ಆ ಮೂಲೆ ಒಂದಿಂಚೂ ಸರಿದಿಲ್ಲ. ಗೋಡೆಯಾದರೆ ಗಾರೆ ಕೆಲಸದವನು ಕಟ್ಟಿಕೊಂಡಾನು, ಬೀದಿಯ ಒಳಚರಂಡಿಯನ್ನು ಒಬ್ಬನೇ ಎಲ್ಲಿ ಹಾಕಿಸಿಕೊಂಡಾನು?

ಚಹಾ ಬಂತು. ನಿಮ್ಮ ಜೊತೆ ಸೈಟು ಸಿಕ್ಕವರೆಲ್ಲ ಇಲ್ಲೇ ಇದ್ದಾರಾ ಅಂದೆ. ಅವರು ಓಣಿಯತ್ತ ಕೈ ಬೀಸಿದರು. ಈ ಕಡೆ ಮಾರಿದರು, ಆ ಕಡೆ ಮಾರಿದರು. ಮದುವೆಗೆ ಒಬ್ಬರು, ಆಸ್ಪತ್ರೆಗೆ ಒಬ್ಬರು, ಒಳ್ಳೆ ರೇಟು ಬಂತು ಅಂತ ಇನ್ನೊಬ್ಬರು. ಎರಡು ಸೈಟು ಸೇರಿಸಿ ಗ್ರಾನೈಟ್ ಹಚ್ಚಿದವರು ಆಮೇಲೆ ಬಂದವರು. ನಾನು ಬೆಳಿಗ್ಗೆ ನೋಡಿದ ಕಾರುಗಳು ಅವರವೇ ಇರಬೇಕು. ಇದನ್ನು ಯೋಜನೆಯ ಸೋಲು ಅನ್ನುವವರಿದ್ದಾರೆ. ನನಗೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಮಾರುವುದಕ್ಕೆ ಅವರ ಹತ್ತಿರ ಒಂದು ಸೈಟಾದರೂ ಇತ್ತಲ್ಲ. ಆದರೆ ಮಾರಿ ಹೋದವರು ಈಗ ಯಾವ ತಾಡಪಾಲಿನ ಕೆಳಗಿದ್ದಾರೋ, ಆ ಓಣಿಯಲ್ಲಿ ಕೂತು ನನಗೆ ಹೇಗೆ ಗೊತ್ತಾಗಬೇಕು?

ಹೊರಡುವಾಗ ಏನು ಕೆಲಸ ಅಂತ ಕೇಳಿದರು. ಸುಮ್ನೆ ಇರದೆ ಬ್ಯಾಂಕು, ಮನೆ ಸಾಲ ಅಂದುಬಿಟ್ಟೆ. ಅವರ ಮುಖ ಗಂಭೀರವಾಯಿತು. ಕುರ್ಚಿ ಹತ್ತಿರ ಎಳೆದುಕೊಂಡರು. 'ಮೊಮ್ಮಗನಿಗೆ ಮೇಲೊಂದು ಕೋಣೆ ಬೇಕು. ನಿಮ್ಮ ಬ್ಯಾಂಕು ಕೊಡುತ್ತಾ?'

ತಲೆ ಎತ್ತಿ ನೋಡಿದೆ. ಪಿಲ್ಲರ್ ಇಲ್ಲ, ಮೂರು ಮಹಡಿಯೂ ಇಟ್ಟಿಗೆ ಗೋಡೆಯ ಮೇಲೇ ನಿಂತಿವೆ. ಸ್ಯಾಂಕ್ಷನ್ ಪ್ಲಾನ್ ಇದೆಯಾ ಅನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, 'ಮೊದಲು ಕೆಳಗಿನ ಗೋಡೆಯನ್ನ ಒಬ್ಬ ಇಂಜಿನಿಯರ್‌ಗೆ ತೋರಿಸಿ ಅಮ್ಮ' ಅಂದೆ. 'ತೋರಿಸಿದ್ದೀನಿ, ಆಗಲ್ಲ ಅಂದ. ಅದಕ್ಕೇ ಶೀಟ್ ಹಾಕ್ತೀವಿ' ಅಂತ ಮಿಷನ್ ತುಳಿಯತೊಡಗಿದರು.