ಟ್ಯೂನಾ ಮತ್ತು ಬಾಸ್: ಮರದ ಎರಡು ಮೀನುಗಳ ಕೆಲಸ ಎಲ್ಲಿಗೆ ಬಂತು

ಎರಡೂ ಮೀನುಗಳ ಒರಟು ಕೆತ್ತನೆ ಮುಗಿದಿದೆ. ಒಂದು ಕಡಲಿನ ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ. ಇನ್ನೊಂದು ಸಿಹಿನೀರಿನ ಸರೋವರದ ಲಾರ್ಜ್‌ಮೌತ್ ಬಾಸ್. ಗಾಳ ಹಾಕುವವರು ದೂರದೂರ ಹುಡುಕಿಕೊಂಡು ಹೋಗುವ ಮೀನುಗಳಿವು.

ಎರಡನ್ನೂ ಅರ್ಧ ಮೀಟರ್ ಉದ್ದಕ್ಕೇ ಮಾಡುತ್ತಿದ್ದೇನೆ. ಒಳ್ಳೆಯ ಬಾಸ್ ಹೆಚ್ಚುಕಮ್ಮಿ ಅಷ್ಟೇ ಉದ್ದ ಇರುತ್ತದೆ. ಟ್ಯೂನಾ 3 ಮೀಟರ್‌ವರೆಗೂ ಬೆಳೆಯುತ್ತದೆ, ಹಾಗಾಗಿ ಅದು ಆರರಲ್ಲಿ ಒಂದು ಪಾಲು. ತೂಕದಲ್ಲಂತೂ ಹೋಲಿಕೆಯೇ ಇಲ್ಲ. ಗಾಳಕ್ಕೆ ಸಿಕ್ಕ ಬ್ಲೂಫಿನ್‌ನ ದಾಖಲೆ 679 ಕಿಲೋ, 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಬಾಸ್‌ನ ದಾಖಲೆ 10 ಕಿಲೋ ಚಿಲ್ಲರೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಂದು ಸಿಕ್ಕಿತು, 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಅದಕ್ಕೆ ಸರಿಸಮವಾದ ಇನ್ನೊಂದು. ಉದ್ದ ಒಂದೇ ಇದ್ದರೆ ಗಾತ್ರ ಮರೆತು ಆಕಾರ ಮಾತ್ರ ನೋಡಬಹುದು ಅಂತ ಹೀಗೆ ಮಾಡಿದೆ.

ನೋಡಬೇಕಾದ ಜಾಗ ಬಾಲದ ಬುಡ. ಟ್ಯೂನಾದ ಮೈ ನಡುವೆ ಪೀಪಾಯಿಯಷ್ಟು ದಪ್ಪ, ಬಾಲದ ಹತ್ತಿರ ಬರುವಾಗ ಸಣ್ಣಗಾಗಿಬಿಡುತ್ತದೆ. ಆ ಸಣ್ಣ ಬುಡದ ಎರಡೂ ಪಕ್ಕದಲ್ಲಿ ಗಟ್ಟಿಯಾದ ಏಣು ಇದೆ. ಬಾಲ ಎಡಕ್ಕೂ ಬಲಕ್ಕೂ ಬೀಸುವಾಗ ಅದು ನೀರನ್ನು ಸೀಳಿಕೊಂಡು ಹೋಗುತ್ತದೆ. ಈಜುವಾಗ ಮೈ ಬಾಗುವುದು ತೀರಾ ಕಡಿಮೆ, ದುಡಿಯುವುದು ಬಾಲವೇ. ಮೈಯ ಸ್ನಾಯುಗಳ ಬಲವನ್ನು ಅಲ್ಲಿಗೆ ಮುಟ್ಟಿಸುವುದು ಸ್ನಾಯುರಜ್ಜುಗಳು. ಏಣು ಕೆತ್ತಲು ಚಿಕ್ಕ ಉಳಿಯೇ ಬೇಕಾಯಿತು. ತುಂಬಾ ನಿಧಾನದ ಕೆಲಸ, ಆದರೆ ಇಡೀ ಮೀನಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಜಾಗ ಅದೇ.

ಬಾಸ್‌ಗೆ ಇದೇ ಬುಡ ಅಗಲವಾಗಿದೆ, ಬಾಲವೂ ಅಗಲ. ಗಿಡಗಳ ಮರೆಯಲ್ಲಿ ಅಲುಗಾಡದೆ ಕಾದು, ಮೈಯೆಲ್ಲ ಬಾಗಿಸಿ ಒಂದೇ ಸಲಕ್ಕೆ ನುಗ್ಗುವ ಮೀನು ಅದು. ಹತ್ತಿರದ ಬೇಟೆಗೆ ಬೇಕಾದ ಬಾಲ. ಟ್ಯೂನಾದ್ದು ಇಡೀ ಸಾಗರ ದಾಟುವ ಬಾಲ.

ಟ್ಯೂನಾ ನಿಲ್ಲುವಂತೆಯೇ ಇಲ್ಲ. ಬಾಯಿ ತುಸು ತೆರೆದು ಮುಂದೆ ಸಾಗುತ್ತಿದ್ದರೇನೇ ಕಿವಿರುಗಳಿಗೆ ಸಾಕಷ್ಟು ನೀರು ಸಿಗುವುದು. ನಿಂತರೆ ಉಸಿರಿಲ್ಲ. ಅದಕ್ಕೇ ಅದರ ಬಾಯನ್ನು ಒಂದು ಸೀಳಿನಷ್ಟು ತೆರೆದಿಟ್ಟಿದ್ದೇನೆ. ಮುಂದಿನ ಬೆನ್ನು ರೆಕ್ಕೆ ವೇಗದಲ್ಲಿ ಮಡಚಿಕೊಂಡು ಬೆನ್ನಿನ ತೋಡಿನೊಳಗೆ ಕೂರುತ್ತದೆ. ಹಾಗಾಗಿ ರೆಕ್ಕೆಯನ್ನು ಹೊರಗೆ ಅಂಟಿಸದೆ ಆ ತೋಡನ್ನೇ ಕೆತ್ತಿದೆ.

ಬಾಸ್‌ನ ಬಾಯಿಗೆ ಟ್ಯೂನಾದ ಎರಡರಷ್ಟು ಹೊತ್ತು ಹಿಡಿಯಿತು. ಮೇಲ್ದವಡೆಯ ತುದಿ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಬಾಯಿ ಫಟ್ಟನೆ ತೆರೆದಾಗ ಒಳಗೆ ನುಗ್ಗುವ ನೀರಿನ ಜೊತೆಗೇ ಬೇಟೆಯೂ ಬಂದು ಬೀಳುತ್ತದೆ. ಇದರ ಮುಳ್ಳಿನ ಬೆನ್ನು ರೆಕ್ಕೆಯನ್ನು ಎತ್ತಿ ನಿಲ್ಲಿಸಿದ್ದೇನೆ. ನಿಂತಲ್ಲೇ ನಿಂತು ಕಾಯುವ ಮೀನಿಗೆ ಅದೇ ಚೆಂದ, ಅಲ್ವಾ?

ಮರದಲ್ಲಿ ತೋರಿಸಲಾಗದ ಸಂಗತಿಯೊಂದಿದೆ, ಆದರೂ ಹೇಳಬೇಕು ಅನಿಸುತ್ತದೆ. ನೀರಿನಲ್ಲೇ ಇದ್ದರೂ ಟ್ಯೂನಾದ ಮೈಯಿಂದ ನೀರು ಹೊರಗೆ ಸೋರುತ್ತಿರುತ್ತದೆ, ಕಡಲು ಅಷ್ಟು ಉಪ್ಪು. ಅದು ಕಡಲ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಬಾಸ್‌ಗೆ ಪೂರ್ತಿ ಉಲ್ಟಾ. ನೀರು ತಾನಾಗಿಯೇ ಮೈಯೊಳಗೆ ಬರುತ್ತಿರುತ್ತದೆ. ಅದು ತೆಳುವಾದ ಮೂತ್ರವನ್ನು ಜಾಸ್ತಿ ಹೊಯ್ದು, ಕಿವಿರಿನಿಂದ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ.

ಇನ್ನು ಸ್ಯಾಂಡ್‌ಪೇಪರ್ ಹಾಕಬೇಕು, ಆಮೇಲೆ ಬಣ್ಣ. ಟ್ಯೂನಾಗೆ ಕಡುನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಬಾಲದ ಹತ್ತಿರದ ಪುಟ್ಟ ರೆಕ್ಕೆಗಳಿಗೆ ಹಳದಿ. ಬಾಸ್‌ಗೆ ಹಸಿರು, ಪಕ್ಕದಲ್ಲಿ ಕಪ್ಪು ಮಚ್ಚೆಗಳು ಸೇರಿ ಆದ ಪಟ್ಟೆ. ಕದಡಿದ ನೀರಿನ ಬಾಸ್ ಬಿಳಿಚಿಕೊಂಡಿರುತ್ತದೆ, ಪಟ್ಟೆಯೂ ಮಸುಕು. ನಾನು ತಿಳಿನೀರಿನ ಬಾಸ್‌ನ ಬಣ್ಣವನ್ನೇ ಹಾಕುತ್ತೇನೆ.