ಎಲ್ಲರೂ ಪರೀಕ್ಷೆ ಮಾಡಿಸದಿದ್ದರೂ ಫ್ಲೂ ಏರಿದ್ದು ಹೇಗೆ ತಿಳಿಯುತ್ತದೆ?

ಅಮೆರಿಕದಲ್ಲಿ ರೋಗಗಳ ಅಂಕಿಅಂಶ ನೋಡುವುದು ನನ್ನ ಕೆಲಸ ಎಂದು ತಿಳಿದವರು, ಊರಿನ ನೆಂಟರಿರಲಿ, ಇಲ್ಲಿನ ಕನ್ನಡ ಕೂಟದವರಿರಲಿ, ತಪ್ಪದೆ ಕೇಳುತ್ತಾರೆ: "ಜ್ವರ ಬಂದವರೆಲ್ಲ ಪರೀಕ್ಷೆ ಮಾಡಿಸುವುದಿಲ್ಲ. ಈ ವಾರ ಫ್ಲೂ ಏರಿದೆ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ?"

ಪರೀಕ್ಷೆಯ ಫಲಿತಾಂಶಕ್ಕಾಗಿ ನಾವು ಕಾಯುತ್ತಾ ಕೂರುವುದಿಲ್ಲ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರು ಹೇಳಿಕೊಳ್ಳುವ ತೊಂದರೆಯನ್ನು ನರ್ಸ್ ಒಂದು ಸಾಲಿನಲ್ಲಿ ಟೈಪ್ ಮಾಡುತ್ತಾರೆ. ಹೆಸರು ತೆಗೆದ ಆ ಸಾಲು ಸಾಮಾನ್ಯವಾಗಿ ಒಂದು ದಿನದೊಳಗೆ ಆರೋಗ್ಯ ಇಲಾಖೆಗೆ ಬರುತ್ತದೆ. ದೇಶದ ತುರ್ತು ವಿಭಾಗಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಈ ಜಾಲದಲ್ಲಿವೆ.

ತಲೆನೋವೆಲ್ಲ ಆ ಒಂದು ಸಾಲಿನದೇ. ಅವಸರದಲ್ಲಿ ಬರೆದದ್ದು, ಕಾಗುಣಿತಕ್ಕೆ ದಿಕ್ಕಿಲ್ಲ. ಉಸಿರಾಟದ ತೊಂದರೆ ಎಂಬುದು 'ಎಸ್ಒಬಿ' ಎಂಬ ಮೂರಕ್ಷರವಾಗಿರುತ್ತದೆ. "ಕೆಮ್ಮು ಇದೆ, ಜ್ವರ ಇಲ್ಲ" ಎಂದಿದ್ದರೆ ಪೆದ್ದು ಕಂಪ್ಯೂಟರ್ ಅದನ್ನೂ ಜ್ವರಕ್ಕೆ ಸೇರಿಸುತ್ತದೆ. ಫ್ಲೂ ಲಸಿಕೆ ಹಾಕಿಸಿಕೊಂಡು ತೋಳು ನೋವೆಂದು ಬಂದವನೂ ಫ್ಲೂ ರೋಗಿಯಾಗಿಬಿಡುತ್ತಾನೆ. ಇಂಥವನ್ನು ಜರಡಿ ಹಿಡಿಯುವ ನಿಯಮಗಳನ್ನು ಬರೆಯುವುದರಲ್ಲೇ ನಮ್ಮ ಅರ್ಧ ಆಯುಷ್ಯ ಕಳೆಯುತ್ತದೆ.

ಆಮೇಲೂ ತಲೆ ಎಣಿಸಿದರೆ ಸಾಲದು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಭೀತಿಯ ನಡುವೆ, ತುರ್ತು ವಿಭಾಗಗಳಿಗೆ ಬಂದವರು ಹಿಂದಿನ ವರ್ಷಕ್ಕಿಂತ ಶೇ 42ರಷ್ಟು ಕಡಿಮೆ. ಎದೆನೋವು ಬಂದವರೂ ಆಸ್ಪತ್ರೆಗೆ ಹೆದರಿ ಮನೆಯಲ್ಲೇ ಉಳಿದರು. ಹಾಗಾಗಿ ನೂರು ಜನರಲ್ಲಿ ಎಷ್ಟು ಮಂದಿ ಜ್ವರ, ಕೆಮ್ಮಿನಿಂದ ಬಂದರು ಎಂದು ನೋಡುತ್ತೇವೆ. ಇದಕ್ಕೂ ಒಂದು ಕೊಕ್ಕೆಯಿದೆ: ಕ್ರಿಸ್ಮಸ್ ರಜೆಯಲ್ಲಿ ಸಣ್ಣಪುಟ್ಟ ನೋವಿನವರು ಬರುವುದನ್ನು ಮುಂದೂಡುತ್ತಾರೆ, ಜ್ವರದವರು ಹೆಚ್ಚದಿದ್ದರೂ ಅವರ ಪಾಲು ಏರಿದಂತೆ ಕಾಣುತ್ತದೆ. ಆ ವಾರದ ಏರಿಕೆಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಯಾವ ವೈರಸ್ ಎಂಬುದನ್ನು ಈ ಸಾಲು ಹೇಳಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ವಯಸ್ಸು ಸುಳಿವು ಕೊಡುತ್ತದೆ. ಚಳಿಗಾಲದ ಬಾಗಿಲಲ್ಲಿ ಎರಡು ವರ್ಷದೊಳಗಿನ ಮಕ್ಕಳೇ ಉಬ್ಬಸದಿಂದ ಹೆಚ್ಚಾಗಿ ಬರುತ್ತಿದ್ದರೆ ಮೊದಲ ಅನುಮಾನ ಆರ್‌ಎಸ್‌ವಿ ಮೇಲೆ, ಎಳೆಯ ಮಕ್ಕಳ ಉಸಿರಾಟವನ್ನು ಕಾಡುವ ವೈರಸ್ ಅದು. ಫ್ಲೂ ಬಹುತೇಕ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ತುದಿ ಮುಟ್ಟುತ್ತದೆ.

"ನಮ್ಮಲ್ಲೂ ಇದೆಯಾ?" ಎಂಬುದು ನೆಂಟರ ಮುಂದಿನ ಪ್ರಶ್ನೆ. ಇದೆ. ಭಾರತದಲ್ಲಿ 2004ರಲ್ಲಿ ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಯೋಜನೆ ಐಡಿಎಸ್‌ಪಿ ಶುರುವಾಯಿತು: ಆರೋಗ್ಯ ಕಾರ್ಯಕರ್ತೆಯರು ಲಕ್ಷಣ ನೋಡಿ ತುಂಬುವ ಎಸ್ ನಮೂನೆ, ವೈದ್ಯರ ಪಿ, ಪ್ರಯೋಗಾಲಯದ ಎಲ್. ಜ್ವರ ಬಂದವರು ಮೊದಲು ಓಡುವ ಬೀದಿ ಕೊನೆಯ ಖಾಸಗಿ ಕ್ಲಿನಿಕ್‌ನ ಚೀಟಿ ಮಾತ್ರ ಬಹುಮಟ್ಟಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ.